ಹಳೆಯದಾದ ಸೆಲ್ಲನ್ನೂ ಪರೀಕ್ಷಿಸಿ: ಟಾರ್ಚ್ ತಯಾರಕರಿಗೂ ಮಾನದಂಡ ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಲಿಥಿಯಂ ಅಯಾನ್ ಸೆಲ್ ಬಳಸುವ ಕೈ ಟಾರ್ಚ್‌ಗಳನ್ನು ತಯಾರಿಸುವವರನ್ನೂ, ಅವುಗಳಿಗೆ ಸುರಕ್ಷತೆಯ ಮಾನದಂಡಗಳನ್ನು ಬರೆಯುವ ಸಮಿತಿಗಳ ಸದಸ್ಯರನ್ನೂ ಒಟ್ಟಿಗೆ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬರಿಗೆ ಮಾತ್ರ ಬರೆದರೆ ಅವರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆಂಬುದು ನನಗೆ ಈಗಾಗಲೇ ಅನುಭವಕ್ಕೆ ಬಂದಿದೆ. ನಾನು ಬ್ಯಾಟರಿ ತಜ್ಞನಲ್ಲ. ಬಹಳ ವರ್ಷಗಳಿಂದ ಟಾರ್ಚ್‌ಗಳನ್ನು ಬಳಸುತ್ತಾ, ಸಣ್ಣಪುಟ್ಟ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತಾ, ಮಲ್ಟಿಮೀಟರ್ ಹಿಡಿದು ಅಳೆಯುವಷ್ಟು ತಿಳಿವಳಿಕೆ ಸಂಪಾದಿಸಿಕೊಂಡವನು. ನಾನು ಕಂಡದ್ದನ್ನು ಮೊದಲು ಹೇಳಿ, ಆಮೇಲೆ ನನ್ನ ದೂರನ್ನೂ ಕೋರಿಕೆಯನ್ನೂ ತಮ್ಮ ಮುಂದಿಡುತ್ತೇನೆ.

ನನ್ನ ಬಳಿ ಇದ್ದ ಒಂದು ಟಾರ್ಚ್‌ಗೆ ಏಳು ವರ್ಷ ತುಂಬಿತ್ತು. ಅಲ್ಯೂಮಿನಿಯಂ ಕೊಳವೆ, ಒಳಗೆ 18650 ಅಳತೆಯ ಒಂದು ಸೆಲ್, ಕುತ್ತಿಗೆಯ ಬಳಿ ಒತ್ತುಗುಂಡಿ, ರಬ್ಬರ್ ಮುಚ್ಚಳದ ಕೆಳಗೆ ಯುಎಸ್‌ಬಿ ಚಾರ್ಜಿಂಗ್ ಕಿಂಡಿ. ಮೊದಲ ಐದು ವರ್ಷ ಅದು ಆಗಾಗ ಬಳಕೆಯಲ್ಲಿತ್ತು. ಕೊನೆಯ ಎರಡು ವರ್ಷ ಮೇಜಿನ ಖಾನೆಯಲ್ಲಿ ಹಾಗೆಯೇ ಬಿದ್ದಿತ್ತು. ಒಂದು ದಿನ ಬೇಕಾಯಿತೆಂದು ತೆಗೆದು ಒತ್ತಿದರೆ ಹೊತ್ತಿಕೊಳ್ಳಲಿಲ್ಲ. ಯಾರಾದರೂ ಮಾಡುವಂತೆ ಚಾರ್ಜ್‌ಗೆ ಹಾಕಿದೆ. ಕೆಂಪು ಸೂಚಕ ದೀಪ ಕೂಡಲೇ ಬೆಳಗಿತು, ಅದನ್ನು ನೋಡಿ ಸಮಾಧಾನವೂ ಆಯಿತು. ಸಾಮಾನ್ಯವಾಗಿ ನಾಲ್ಕು ಗಂಟೆಯಲ್ಲಿ ಹಸಿರಾಗಬೇಕಿದ್ದ ದೀಪ ಏಳನೆಯ ಗಂಟೆಯಲ್ಲೂ ಕೆಂಪಾಗಿಯೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ನನ್ನನ್ನು ಎಬ್ಬಿಸಿ ಕರೆತಂದದ್ದು ಆ ದೀಪವಲ್ಲ, ಒಂದು ವಾಸನೆ. ಉಗುರು ಬಣ್ಣ ಅಳಿಸುವ ದ್ರವದ ಹಾಗೆ ತುಸು ಸಿಹಿಯಾದ, ಮೂಗಿಗೆ ಚುಚ್ಚುವ ವಾಸನೆ. ಟಾರ್ಚ್ ಮುಟ್ಟಿದರೆ ಬೆರಳು ತಾನಾಗಿ ಹಿಂದಕ್ಕೆ ಬರುವಷ್ಟು ಬಿಸಿಯಾಗಿತ್ತು. ತಂತಿಯನ್ನು ಗೋಡೆಯ ಕಡೆಯಿಂದ ಕಿತ್ತು, ದಪ್ಪ ಬಟ್ಟೆಯಲ್ಲಿ ಹಿಡಿದು, ಹೊರಗೆ ಬಯಲಲ್ಲಿ ಬರಿಯ ಸಿಮೆಂಟ್ ನೆಲದ ಮೇಲೆ ಇಟ್ಟು ದೂರ ಸರಿದೆ. ಮರುದಿನ ಅದು ತಣ್ಣಗಾದ ಮೇಲೆ ಹಿಂಬದಿಯ ಮುಚ್ಚಳವನ್ನು ತಿರುಗಿಸಲು ಹೋದದ್ದು ನನ್ನ ಮೂರ್ಖತನ, ಅದನ್ನು ಮುಚ್ಚಿಡುವುದಿಲ್ಲ. ಅರ್ಧ ಸುತ್ತು ಬರುವಷ್ಟರಲ್ಲಿ ಒಳಗಿದ್ದ ಅನಿಲ ಸುಯ್ ಎಂದು ಹೊರನುಗ್ಗಿತು. ಸೆಲ್‌ನ ಒತ್ತಡ ಬಿಡುವ ಕಿಂಡಿ ತೆರೆದುಕೊಂಡಿತ್ತು, ಹೊದಿಕೆ ಸುಕ್ಕುಗಟ್ಟಿತ್ತು, ಕೊಳವೆಯ ಒಳಮೈ ಒದ್ದೆಯಾಗಿತ್ತು. ಬೆಂಕಿ ಹತ್ತಲಿಲ್ಲ; ಹತ್ತದಿರುವುದಕ್ಕೆ ಟಾರ್ಚ್‌ನ ವಿನ್ಯಾಸ ಕಾರಣವೆಂದು ನನಗನಿಸುವುದಿಲ್ಲ.

ತಯಾರಕರಿಗೆ ಬರೆದೆ. ಹೆಸರು ಹೇಳುವ ಉದ್ದೇಶ ನನಗಿಲ್ಲ, ಏಕೆಂದರೆ ಅದೇ ಉತ್ತರವನ್ನು ಬೇರೆ ಯಾರಾದರೂ ಕೊಡುತ್ತಿದ್ದರು. ‘ಹಳೆಯ ಅಥವಾ ಹಾನಿಗೊಂಡ ಬ್ಯಾಟರಿಯನ್ನು ಬಳಸಬಾರದೆಂದು ಕೈಪಿಡಿಯಲ್ಲಿ ತಿಳಿಸಲಾಗಿದೆ’ ಎಂಬುದು ಆ ಉತ್ತರದ ಸಾರ. ಹಳೆಯದು ಎಂದರೆ ಎಷ್ಟು ಹಳೆಯದು ಎಂದು ಮತ್ತೆ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಆ ಸೆಲ್‌ನ ಮೇಲೆ ತಯಾರಾದ ದಿನಾಂಕವಿರಲಿಲ್ಲ, ಟಾರ್ಚ್‌ನ ಮೇಲೂ ಇರಲಿಲ್ಲ. ಬಳಸಬಾರದೆಂದು ಹೇಳಿದ ವಸ್ತುವನ್ನು ಗುರುತಿಸುವ ಬಗೆಯನ್ನೇ ಹೇಳದಿದ್ದರೆ ಆ ಎಚ್ಚರಿಕೆ ಬಳಕೆದಾರನನ್ನು ಕಾಪಾಡುವುದಿಲ್ಲ, ಬರೆದವರನ್ನು ಮಾತ್ರ ಕಾಪಾಡುತ್ತದೆ.

ಕನ್ನಡದಲ್ಲಿ ಎಷ್ಟೋ ಜನ ಟಾರ್ಚನ್ನೇ ‘ಬ್ಯಾಟರಿ’ ಎಂದು ಕರೆಯುತ್ತಾರೆ, ಒಳಗೆ ಹಾಕುವುದನ್ನು ‘ಶೆಲ್ಲು’ ಎನ್ನುತ್ತಾರೆ. ಆ ಶೆಲ್ಲಿನ ಕಾಲದ ತಿಳಿವಳಿಕೆಯೇ ನಮ್ಮ ಕೈಗೆ ಇನ್ನೂ ಅಂಟಿಕೊಂಡಿದೆ. ಸತುವಿನ ಶೆಲ್ಲು ಹಳೆಯದಾದರೆ ಬೆಳಕು ಮಂಕಾಗುತ್ತಿತ್ತು, ಮರೆತುಬಿಟ್ಟರೆ ಸೋರಿ ಟಾರ್ಚಿನ ಒಳಗನ್ನು ಕೆಡಿಸುತ್ತಿತ್ತು, ಅಷ್ಟೇ. ವಯಸ್ಸಾಯಿತೆಂಬ ಸುದ್ದಿಯನ್ನು ಅದೇ ಹೇಳುತ್ತಿತ್ತು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಸೆಲ್‌ನ ಸ್ವಭಾವ ಬೇರೆ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ 18650 ಸೆಲ್‌ನ ಸಾಮರ್ಥ್ಯ 3000 ಮಿಲಿ ಆಂಪಿಯರ್ ಗಂಟೆ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು 10.8 ವ್ಯಾಟ್ ಗಂಟೆಯಷ್ಟು ಶಕ್ತಿ ಇರುತ್ತದೆ. ನೂರು ಮಿಲಿಲೀಟರ್‌ಗಿಂತ ತುಸು ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಇದು ವಿದ್ಯುತ್ತಿನ ಲೆಕ್ಕ ಮಾತ್ರ; ಒಳಗಿನ ರಾಸಾಯನಿಕಗಳೇ ಉರಿಯತೊಡಗಿದರೆ ಹೊರಬರುವ ಶಾಖ ಇದಕ್ಕಿಂತ ಹೆಚ್ಚು. ಅದು ಬೆರಳುದ್ದದ ಲೋಹದ ಡಬ್ಬಿಯಲ್ಲಿರುತ್ತದೆ, ಆ ಡಬ್ಬಿ ನೀರು ಹೋಗದಂತೆ ಬಿಗಿದ ಇನ್ನೊಂದು ಲೋಹದ ಕೊಳವೆಯಲ್ಲಿರುತ್ತದೆ, ಆ ಕೊಳವೆ ನಮ್ಮ ಅಂಗೈಯಲ್ಲಿರುತ್ತದೆ.

ನನ್ನ ಟಾರ್ಚ್‌ನಲ್ಲಿ ಆದದ್ದೇನೆಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಇದು ಬಹಿರಂಗ ಪತ್ರವಾದ್ದರಿಂದ ಇತರ ಓದುಗರಿಗಾಗಿ ಹೇಳುತ್ತೇನೆ. ಎಲೆಕ್ಟ್ರಾನಿಕ್ ಒತ್ತುಗುಂಡಿ ಇರುವ ಟಾರ್ಚ್ ಆರಿದ್ದಾಗಲೂ ಪೂರ್ತಿ ಆರಿರುವುದಿಲ್ಲ. ಗುಂಡಿ ಒತ್ತಿದ್ದನ್ನು ಗಮನಿಸಲು ಒಳಗಿನ ಚಿಪ್ ಒಂದಿಷ್ಟು ವಿದ್ಯುತ್ ಹೀರುತ್ತಲೇ ಇರುತ್ತದೆ. ಸೆಲ್ ತಾನಾಗಿಯೂ ನಿಧಾನವಾಗಿ ಬರಿದಾಗುತ್ತದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುವ ಸೆಲ್ 2.5 ವೋಲ್ಟ್‌ಗಿಂತ ಕೆಳಗಿಳಿಯಬಾರದೆಂಬುದು ಸಾಮಾನ್ಯ ನಿಯಮ. ಖಾನೆಯಲ್ಲಿ ಎರಡು ವರ್ಷ ಬಿದ್ದ ಟಾರ್ಚ್‌ನಲ್ಲಿ ಅದು ಇನ್ನೂ ಎಷ್ಟೋ ಕೆಳಗೆ ಹೋಗಬಹುದು. ಆ ಸ್ಥಿತಿಯಲ್ಲಿ ಋಣಧ್ರುವದ ತಾಮ್ರದ ಹಾಳೆ ಎಲೆಕ್ಟ್ರೊಲೈಟ್ ದ್ರವದಲ್ಲಿ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಅಲ್ಲಲ್ಲಿ ಗಟ್ಟಿಯಾಗಿ ಕೂತು, ಎರಡು ಧ್ರುವಗಳ ನಡುವಿನ ತೆಳು ಪ್ಲಾಸ್ಟಿಕ್ ಪೊರೆಯನ್ನು ದಾಟುವ ಕಳ್ಳದಾರಿಗಳನ್ನು ಮಾಡುತ್ತದೆ. ಚಾರ್ಜರ್ ಕೊಟ್ಟ ವಿದ್ಯುತ್ ಸಂಗ್ರಹವಾಗದೆ ಆ ದಾರಿಗಳಲ್ಲಿ ಹರಿದು ಬರಿಯ ಬಿಸಿಯಾಗುತ್ತದೆ. ಇನ್ನು ಚಾರ್ಜರ್‌ನ ಮಾತಿಗೆ ಬಂದರೆ, 4.2 ವೋಲ್ಟ್ ಮುಟ್ಟಿದ ಮೇಲೆ ಹರಿವು ಹತ್ತನೇ ಒಂದು ಭಾಗಕ್ಕೋ ಅದರ ಆಸುಪಾಸಿಗೋ ಇಳಿದಾಗ ‘ಸಾಕು’ ಎಂದು ನಿಲ್ಲಿಸುವುದು ಅದರ ಕ್ರಮ. ಒಳಗೇ ಸೋರುವ ಸೆಲ್‌ನಲ್ಲಿ ಹರಿವು ಇಳಿಯುವುದೇ ಇಲ್ಲ. ಹಾಗಾಗಿ ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಅಪಾಯವಿದೆ ಎಂದು ಆ ಚಾರ್ಜರ್‌ಗೆ ತಿಳಿಯಬಹುದಾದ ಎರಡು ಸಂದರ್ಭಗಳು ಇದ್ದವು: ಮೊದಲಿಗೆ ಸೆಲ್ ಅತಿ ಕೆಳಗಿನ ವೋಲ್ಟೇಜ್‌ನಲ್ಲಿ ಸಿಕ್ಕಾಗ ಒಮ್ಮೆ, ನಾಲ್ಕು ಗಂಟೆ ದಾಟಿಯೂ ತುಂಬದಿದ್ದಾಗ ಇನ್ನೊಮ್ಮೆ. ಎರಡೂ ಬಾರಿ ಅದು ಸುಮ್ಮನಿತ್ತು, ಏಕೆಂದರೆ ಅದಕ್ಕೆ ಕೇಳಲು ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಸಿ ಏರುತ್ತಾ ಹೋದರೆ ಮುಂದಿನ ಮೆಟ್ಟಿಲುಗಳು ಎಲ್ಲರಿಗೂ ಗೊತ್ತಿರುವಂಥವು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಋಣಧ್ರುವದ ಮೇಲಿನ ರಕ್ಷಕ ಪದರ ಒಡೆದು ತಾನೇ ಶಾಖ ಬಿಡತೊಡಗುತ್ತದೆ. 130ರ ಸುಮಾರಿಗೆ ಪಾಲಿಎಥಿಲೀನ್ ಪೊರೆ ಕರಗುತ್ತದೆ. ಅಲ್ಲಿಂದ ಮುಂದೆ ಧನಧ್ರುವದ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ. ತಜ್ಞರು ಥರ್ಮಲ್ ರನ್‌ಅವೇ ಎನ್ನುವ ಈ ಸ್ಥಿತಿ ಮುಂದುವರಿಯಲು ಹೊರಗಿನ ಗಾಳಿ ಬೇಕಾಗಿಯೇ ಇಲ್ಲ. ಎಲೆಕ್ಟ್ರೊಲೈಟ್‌ನಲ್ಲಿರುವ ಫ್ಲೋರಿನ್ ಲವಣದಿಂದ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಸೆಲ್‌ಗೆ ಒತ್ತಡ ಬಿಡುವ ಕಿಂಡಿ ಇಟ್ಟವರು ಬುದ್ಧಿವಂತರು. ಆದರೆ ಆ ಸೆಲ್ಲನ್ನು ರಬ್ಬರ್ ಉಂಗುರಗಳಿಂದ ಬಿಗಿದ ಕೊಳವೆಯಲ್ಲಿಟ್ಟರೆ ಕಿಂಡಿಯಿಂದ ಹೊರಬಂದ ಅನಿಲ ಎಲ್ಲಿಗೆ ಹೋಗಬೇಕು? ನೀರು ಒಳಬಾರದಂತೆ ಮಾಡಿದ ಬಿಗಿತ ಅನಿಲ ಹೊರಹೋಗದಂತೆಯೂ ಮಾಡುತ್ತದೆ. ಒತ್ತಡಕ್ಕೆ ಮೊದಲು ಸೋಲುವುದು ಮುಂಭಾಗದ ಗಾಜೋ ಹಿಂಭಾಗದ ಮುಚ್ಚಳವೋ ಎಂಬುದನ್ನು ಆಗ ಅದೃಷ್ಟ ನಿರ್ಧರಿಸುತ್ತದೆ.

ಚಾರ್ಜ್ ಮಾಡುವಾಗ ಮಾತ್ರವಲ್ಲ, ಉರಿಸುವಾಗಲೂ ವಯಸ್ಸು ತನ್ನ ತೆರಿಗೆ ಕೇಳುತ್ತದೆ. ಸೆಲ್ ಹಳೆಯದಾದಂತೆ ಅದರ ಒಳರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ತಾನೇ ಒಡ್ಡುವ ತಡೆ, ಏರುತ್ತದೆ. ಹೊಸದಾಗಿದ್ದಾಗ 40 ಮಿಲಿ ಓಮ್ ಇದ್ದ ಸೆಲ್‌ನಿಂದ 5 ಆಂಪಿಯರ್ ಎಳೆದರೆ ಅದರೊಳಗೆ 1 ವ್ಯಾಟ್ ಶಾಖ ಹುಟ್ಟುತ್ತದೆ. ಅದೇ ಸೆಲ್‌ನ ರೋಧ 120ಕ್ಕೆ ಏರಿದರೆ 3 ವ್ಯಾಟ್. ಇದರ ಮೇಲೆ ತಾವು ಹೆಮ್ಮೆಯಿಂದ ಹೇಳಿಕೊಳ್ಳುವ ‘ಕೊನೆಯವರೆಗೂ ಮಂಕಾಗದ ಬೆಳಕು’ ಸೇರುತ್ತದೆ. ಬೆಳಕನ್ನು ಒಂದೇ ಮಟ್ಟದಲ್ಲಿಡುವ ಸರ್ಕ್ಯೂಟ್ ಆದ ಡ್ರೈವರ್‌ಗೆ ಬೇಕಾದ್ದು ಒಂದೇ ಪ್ರಮಾಣದ ಶಕ್ತಿ. ಸೆಲ್‌ನ ವೋಲ್ಟೇಜ್ ಕುಸಿದರೆ ಅದು ಕರೆಂಟನ್ನು ಹೆಚ್ಚಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. 15 ವ್ಯಾಟ್‌ಗೆ 3.7 ವೋಲ್ಟ್‌ನಲ್ಲಿ ಸುಮಾರು 4 ಆಂಪಿಯರ್ ಸಾಕಾದರೆ 3 ವೋಲ್ಟ್‌ನಲ್ಲಿ 5 ಬೇಕು. ಶಾಖವು ಕರೆಂಟ್‌ನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ದಣಿದ ಸೆಲ್‌ನಿಂದಲೇ ಹೆಚ್ಚು ದುಡಿಸಿಕೊಂಡಂತಾಗುತ್ತದೆ. ಬೆಳಕು ಮಂಕಾಗುವುದೆಂಬ ಹಳೆಯ ಶೆಲ್ಲಿನ ಎಚ್ಚರಿಕೆಯನ್ನು ಹೀಗೆ ನಾವೇ ಅಳಿಸಿಹಾಕಿದ್ದೇವೆ, ಅದರ ಜಾಗದಲ್ಲಿ ಬೇರೊಂದನ್ನು ಇಟ್ಟಿಲ್ಲ.

ಶಾಖದ ಸಂವೇದಕ ಇದೆಯಲ್ಲ ಎಂದು ತಾವು ಹೇಳಬಹುದು. ಹೌದು, ಒಳ್ಳೆಯ ಟಾರ್ಚ್‌ಗಳಲ್ಲಿ ಇದೆ, ಬಿಸಿ ಏರಿದರೆ ಬೆಳಕು ತಾನಾಗಿ ತಗ್ಗುತ್ತದೆ. ಆದರೆ ನಾನು ಬಿಚ್ಚಿ ನೋಡಿದ ಟಾರ್ಚ್‌ಗಳಲ್ಲೆಲ್ಲ ಆ ಸಂವೇದಕ ತಲೆಭಾಗದಲ್ಲಿ, ಎಲ್‌ಇಡಿಯ ಹತ್ತಿರದ ಫಲಕದ ಮೇಲೆ ಇತ್ತು. ಅದು ಎಲ್‌ಇಡಿಯನ್ನು ಕಾಯುತ್ತದೆ, ಹಿಡಿದ ಕೈಯನ್ನೂ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಅಲ್ಲಿಂದ ಕೆಳಗೆ ಕೊಳವೆಯಲ್ಲಿ ಕೂತ ಸೆಲ್‌ನ ಒಡಲು ಎಷ್ಟು ಬಿಸಿಯಾಗಿದೆ ಎಂಬುದು ಅದಕ್ಕೆ ತಿಳಿಯುವುದು ತಡವಾಗಿ. ಟಾರ್ಚ್ ಆರಿಸಿ ಚಾರ್ಜ್‌ಗೆ ಇಟ್ಟಾಗ ನನ್ನ ಟಾರ್ಚ್‌ನಲ್ಲಿ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ. ಮೊಬೈಲ್ ಫೋನ್, ಲ್ಯಾಪ್‌ಟಾಪ್‌ಗಳ ಬ್ಯಾಟರಿ ಕಟ್ಟಿನಲ್ಲಿ ಸೆಲ್‌ಗೆ ತಾಗಿಸಿ ಇಡುವ ಮೆಣಸಿನ ಕಾಳಿನಷ್ಟು ಗಾತ್ರದ, ಬಿಸಿ ಅಳೆಯುವ ಥರ್ಮಿಸ್ಟರ್ ಟಾರ್ಚ್‌ಗೆ ಮಾತ್ರ ಭಾರವಾಯಿತೇ?

ಇಲ್ಲಿ ಮಾನದಂಡ ಸಮಿತಿಗಳ ಕಡೆಗೆ ತಿರುಗುತ್ತೇನೆ, ಏಕೆಂದರೆ ನನ್ನ ಮುಖ್ಯ ದೂರು ಇರುವುದು ಇಲ್ಲಿಯೇ. ಸಾಗಿಸಬಹುದಾದ ಸಾಧನಗಳ ಲಿಥಿಯಂ ಸೆಲ್‌ಗಳಿಗೆ ಜಗತ್ತಿನಾದ್ಯಂತ ಆಧಾರವಾಗಿರುವ, ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ ಐಇಸಿ 62133 ಮಾನದಂಡದಲ್ಲಿ ಹೊರಗಿನ ಶಾರ್ಟ್ ಸರ್ಕ್ಯೂಟ್, ಮಿತಿಮೀರಿದ ಚಾರ್ಜ್, ಜಜ್ಜುವಿಕೆ, 130 ಡಿಗ್ರಿಯ ಬಿಸಿ ಮುಂತಾದ ಕಠಿಣ ಪರೀಕ್ಷೆಗಳಿವೆ. ಆದರೆ ಪರೀಕ್ಷೆಗೆ ಒಡ್ಡುವ ಸೆಲ್‌ಗಳ ವಯಸ್ಸು ಆರು ತಿಂಗಳು ಮೀರಿರಬಾರದೆಂದು ಅದೇ ಮಾನದಂಡ ಹೇಳುತ್ತದೆ. ಇನ್ನು ಟಾರ್ಚ್‌ಗಳಿಗೆಂದೇ ಅಮೆರಿಕದ ಮಾನದಂಡ ಸಂಸ್ಥೆಯಿಂದ 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್ 1 ಮಾನದಂಡ ಬೆಳಕಿನ ಪ್ರಮಾಣ, ಬೆಳಕು ತಲುಪುವ ದೂರ, ಉರಿಯುವ ಅವಧಿ, ಬಿದ್ದರೆ ತಾಳುವ ಶಕ್ತಿ, ನೀರನ್ನು ತಡೆಯುವ ಶಕ್ತಿ ಇಂಥವನ್ನು ಅಳೆಯುತ್ತದೆ. ಪೊಟ್ಟಣದ ಮೇಲೆ ಅಚ್ಚಾಗುವ ಲ್ಯೂಮೆನ್ ಲೆಕ್ಕವನ್ನು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ ತೆಗೆದುಕೊಳ್ಳಲಾಗುತ್ತದೆ. ಒಂದು ಮಾನದಂಡ ಸೆಲ್‌ನ ಮೊದಲ ಆರು ತಿಂಗಳನ್ನು ನೋಡುತ್ತದೆ, ಇನ್ನೊಂದು ಬೆಳಕಿನ ಮೊದಲ ನಿಮಿಷಗಳನ್ನು ನೋಡುತ್ತದೆ. ಆರನೆಯ, ಏಳನೆಯ ವರ್ಷದಲ್ಲಿ ಖಾನೆಯಿಂದ ಹೊರತೆಗೆದ ಟಾರ್ಚನ್ನು ಯಾರು ನೋಡುತ್ತಾರೆ? ಹೋಲಿಸಿ ನೋಡಲು ಒಂದೇ ಗುಣದ ಹೊಸ ಮಾದರಿಗಳು ಬೇಕೆಂಬುದು ಪ್ರಯೋಗಶಾಲೆಯ ನ್ಯಾಯವೆಂದು ನಾನು ಒಪ್ಪುತ್ತೇನೆ. ಆ ನ್ಯಾಯವನ್ನು ಹಾಗೆಯೇ ಇಟ್ಟುಕೊಂಡು, ಬಿಸಿ ಕೋಣೆಯಲ್ಲಿ ಬೇಗ ಮುದಿಗೊಳಿಸಿದ ಸೆಲ್‌ಗಳನ್ನೂ, ಒಮ್ಮೆ ಪೂರ್ತಿ ಬರಿದಾಗಿಸಿದ ಸೆಲ್‌ಗಳನ್ನೂ ಟಾರ್ಚ್‌ನೊಳಗೇ ಇಟ್ಟು ಪರೀಕ್ಷಿಸುವ ಇನ್ನೊಂದು ಅಧ್ಯಾಯವನ್ನು ಸೇರಿಸಲು ಅಡ್ಡಿಯೇನು?

ವಿಮಾನಯಾನದವರು ಈ ಅಪಾಯವನ್ನು ಎಂದೋ ಅರ್ಥಮಾಡಿಕೊಂಡಿದ್ದಾರೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಸರಕಿನ ಕೋಣೆಗೆ ಹೋಗುವ ಚೀಲದಲ್ಲಿ ಇಡಬಾರದು, ಪ್ರಯಾಣಿಕರು ಜೊತೆಯಲ್ಲೇ ಇಟ್ಟುಕೊಳ್ಳಬೇಕು ಎಂಬ ನಿಯಮದ ಹಿಂದಿರುವುದು ಒಂದೇ ತರ್ಕ: ಹೊಗೆ ಬಂದರೆ ಕಣ್ಣೆದುರೇ ಬರಲಿ. ಟಾರ್ಚ್ ಬಹುಪಾಲು ಬದುಕನ್ನು ಕಳೆಯುವುದು ಕಣ್ಣಿಗೆ ಬೀಳದ ಜಾಗಗಳಲ್ಲಿ, ಖಾನೆ, ಚೀಲ, ಬಿಸಿಲಿನಲ್ಲಿ ನಿಂತ ವಾಹನದ ಪೆಟ್ಟಿಗೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಮುದಿತನದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬ ಸ್ಥೂಲ ಲೆಕ್ಕವನ್ನು ನೆನೆದರೆ, ವಾಹನದಲ್ಲಿಟ್ಟ ‘ತುರ್ತು ಟಾರ್ಚ್’ ಎಷ್ಟು ಬೇಗ ಹಣ್ಣಾಗುತ್ತದೆಂಬುದನ್ನು ತಾವೇ ಊಹಿಸಬಹುದು. ತುರ್ತಿಗೆಂದು ಪೂರ್ತಿ ಚಾರ್ಜ್ ಮಾಡಿ ಇಟ್ಟವರ ಸೆಲ್ ಇನ್ನೂ ಬೇಗ ಹಳೆಯದಾಗುತ್ತದೆ. ಅರ್ಧದಷ್ಟು ಚಾರ್ಜ್‌ನಲ್ಲಿ ಇಡುವುದು ಅದಕ್ಕೆ ಹಿತ. ಜಾಗರೂಕನಾಗಿ ಸಿದ್ಧವಿಟ್ಟುಕೊಂಡವನಿಗೇ ಹೆಚ್ಚು ನಷ್ಟ ಎಂಬ ಈ ವಿಚಿತ್ರವನ್ನು ಕೈಪಿಡಿಯಲ್ಲಿ ಎರಡು ಸಾಲಿನಲ್ಲಾದರೂ ಹೇಳಬಹುದಿತ್ತು.

ಆ ಘಟನೆಯ ನಂತರ ಪರಿಚಯದವರ ಮನೆಗಳಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಟಾರ್ಚ್‌ಗಳನ್ನು ಕೇಳಿ ನೋಡಿದೆ. ಹನ್ನೊಂದು ಸಿಕ್ಕವು. ಇದು ಸಮೀಕ್ಷೆಯಲ್ಲ, ಒಬ್ಬ ವ್ಯಕ್ತಿ ಕಂಡದ್ದು ಮಾತ್ರ. ನಾಲ್ಕನ್ನು ಒಡೆಯದೆ ತೆರೆಯುವಂತೆಯೇ ಇರಲಿಲ್ಲ, ಸೆಲ್ಲನ್ನು ಒಳಗೆ ಅಂಟಿಸಿ ಮುಚ್ಚಿದ್ದರು. ತೆರೆದ ಏಳರಲ್ಲಿ ಮೂರು ಸೆಲ್‌ಗಳು 2 ವೋಲ್ಟ್‌ಗಿಂತ ಕೆಳಗಿದ್ದವು. ಒಂದರ ಮೇಲೆ 9900 ಮಿಲಿ ಆಂಪಿಯರ್ ಗಂಟೆ ಎಂಬ ಸಾಮರ್ಥ್ಯ ಅಚ್ಚಾಗಿತ್ತು. 18650 ಗಾತ್ರದಲ್ಲಿ ಹೆಸರುವಾಸಿ ತಯಾರಕರು ಸಾಮಾನ್ಯವಾಗಿ ಕೊಡುವುದು 3500ರ ಆಸುಪಾಸು ಎಂಬುದನ್ನು ಬಲ್ಲವರಿಗೆ ಅದು ಸುಳ್ಳೆಂದು ತಿಳಿಯುತ್ತದೆ, ಉಳಿದವರಿಗೆ ಅದು ದೊಡ್ಡ ಸಂಖ್ಯೆ ಅಷ್ಟೇ. ಹೊದಿಕೆ ಸುಲಿದಾಗ ಅಡಿಯಲ್ಲಿ ಇನ್ನೊಂದು ಹಳೆಯ ಹೊದಿಕೆಯ ಅಂಟು ಕಾಣಿಸಿತು. ಯಾವುದೋ ಹಳೆಯ ಕಟ್ಟಿನಿಂದ ಕಿತ್ತು ಹೊಸ ಬಟ್ಟೆ ತೊಡಿಸಿದ ಸೆಲ್ ಅದು, ಹೊಸ ಟಾರ್ಚ್‌ನೊಳಗೆ ಮುದುಕನಾಗಿಯೇ ಬಂದದ್ದು. ಒಂದರಲ್ಲೂ ತಯಾರಿಕೆಯ ತಿಂಗಳು, ವರ್ಷ ನೇರವಾಗಿ ಓದುವಂತೆ ಇರಲಿಲ್ಲ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ಸೆಲ್‌ನ ಮೇಲೂ ಟಾರ್ಚ್‌ನ ಮೇಲೂ ತಯಾರಾದ ತಿಂಗಳು ಮತ್ತು ವರ್ಷವನ್ನು ಸಂಕೇತದಲ್ಲಲ್ಲದೆ ಯಾರೂ ಓದುವಂತೆ ಅಚ್ಚು ಹಾಕಿ. ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ತಾವೇ ಹೇಳಿ. ಸೆಲ್ ಅತಿ ಕೆಳಗಿನ ವೋಲ್ಟೇಜ್‌ನಲ್ಲಿ ಸಿಕ್ಕರೆ ಅದನ್ನು ಬದುಕಿಸಲು ಹೋಗದೆ, ಸೂಚಕ ದೀಪವನ್ನು ಮಿಟುಕಿಸಿ, ಚಾರ್ಜ್ ಮಾಡಲು ನಿರಾಕರಿಸುವಂತೆ ಚಾರ್ಜಿಂಗ್ ಚಿಪ್ಪಿಗೆ ಹೇಳಿಕೊಡಿ. ಗೊತ್ತಾದ ಅವಧಿಯೊಳಗೆ ತುಂಬದಿದ್ದರೂ ಹಾಗೆಯೇ ನಿಲ್ಲಿಸಲಿ. ಸೆಲ್‌ನ ಮೈಗೆ ತಾಗುವಂತೆ ಒಂದು ಥರ್ಮಿಸ್ಟರ್ ಇಡಿ, ಅದು ಟಾರ್ಚ್ ಆರಿದ್ದಾಗಲೂ ಚಾರ್ಜರ್‌ಗೆ ಮಾಹಿತಿ ಕೊಡಲಿ. ಕೊಳವೆಯಲ್ಲಿ ಒತ್ತಡ ಮೊದಲು ಹೊರಹೋಗುವ ಜಾಗ ಯಾವುದೆಂದು ವಿನ್ಯಾಸವೇ ನಿರ್ಧರಿಸಲಿ, ಆ ಜಾಗ ಹಿಡಿದವನ ಮುಖದ ಕಡೆ ಇರದಿರಲಿ.

ಸೆಲ್ ಅಂಟಿಸಿ ಮುಚ್ಚುವ ಪದ್ಧತಿಯ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಐರೋಪ್ಯ ಒಕ್ಕೂಟದ 2023/1542 ಸಂಖ್ಯೆಯ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಸಾಧನಗಳಲ್ಲಿನ ಸಣ್ಣ ಬ್ಯಾಟರಿಗಳನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ನೀರಿನಲ್ಲಿ ಬಳಸುವ ಕೆಲವು ಬಗೆಯ ಸಾಧನಗಳಿಗೆ ಅದರಲ್ಲಿ ವಿನಾಯಿತಿ ಇದೆ. ‘ನಮ್ಮ ಟಾರ್ಚ್ ಜಲನಿರೋಧಕ’ ಎಂದು ಆ ವಿನಾಯಿತಿಯ ನೆರಳಿಗೆ ಸರಿಯಬೇಡಿ ಎಂದು ತಯಾರಕರನ್ನು ಕೇಳಿಕೊಳ್ಳುತ್ತೇನೆ. ತಿರುಪಿನ ಮುಚ್ಚಳ, ಒಂದು ರಬ್ಬರ್ ಉಂಗುರ, ಇಷ್ಟರಲ್ಲೇ ನೀರನ್ನೂ ತಡೆದು ಸೆಲ್ ಬದಲಿಸಲೂ ಆಗುತ್ತದೆಂದು ತಮ್ಮದೇ ಕ್ಷೇತ್ರ ದಶಕಗಳಿಂದ ತೋರಿಸಿಕೊಟ್ಟಿದೆ. ನೀರಿನಲ್ಲಿ ಮುಳುಗಿ ಕೆಲಸ ಮಾಡುವವರ ಎಷ್ಟೋ ಟಾರ್ಚ್‌ಗಳೂ ತೆರೆಯುವಂಥವೇ.

ಬದಲಿಸುವ ಅವಕಾಶ ಕೊಟ್ಟರೆ ಜನ ಸಿಕ್ಕಿದ್ದನ್ನು ಹಾಕುತ್ತಾರೆ ಎಂಬ ಆಕ್ಷೇಪ ನನಗೆ ಗೊತ್ತು, ಅದು ಪೊಳ್ಳಲ್ಲ. ಚಾರ್ಜ್ ಮಾಡಲಾಗದ 3 ವೋಲ್ಟ್‌ನ ಸಿಆರ್123ಎ ಸೆಲ್‌ಗಳನ್ನು ಎರಡೆರಡಾಗಿ ಹಾಕುವ ಟಾರ್ಚ್‌ನಲ್ಲಿ ಒಂದು ಹೊಸದು, ಒಂದು ಹಳೆಯದು ಸೇರಿದರೆ ಬರಿದಾದದ್ದು ಹಿಮ್ಮುಖವಾಗಿ ಎಳೆಯಲ್ಪಟ್ಟು ಕಾದು ಒಡೆಯಬಲ್ಲದು. ಅದೇ ಗಾತ್ರದಲ್ಲಿ ಚಾರ್ಜ್ ಮಾಡುವ 3.7 ವೋಲ್ಟ್‌ನ ಸೆಲ್ ಕೂಡ ಬರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಆದರೆ ಇದಕ್ಕೆ ಮದ್ದು ಸ್ಪಷ್ಟವಾದ ಗುರುತು ಮತ್ತು ತಮ್ಮಲ್ಲೇ ಸಿಗುವ ನಂಬಲರ್ಹ ಬದಲಿ ಸೆಲ್, ಅಂಟಲ್ಲ. ಹಳೆಯ ಸೆಲ್ಲನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆಯೂ ಜೊತೆಗಿರಬೇಕು. ಉಬ್ಬಿದ ಸೆಲ್ಲನ್ನು ಕಸದ ಬುಟ್ಟಿಗೆ ಹಾಕಬೇಡಿ ಎಂದಷ್ಟೇ ಹೇಳಿ ಎಲ್ಲಿಗೆ ಹಾಕಬೇಕೆಂದು ಹೇಳದಿದ್ದರೆ ಅದು ಮತ್ತೆ ಖಾನೆಗೇ ಹೋಗುತ್ತದೆ.

ಸರಿಯಾಗಿ ತಯಾರಾದ ಲಿಥಿಯಂ ಸೆಲ್‌ಗಳಲ್ಲಿ ಬಹುಪಾಲು ತಮ್ಮ ಆಯಸ್ಸನ್ನು ಸದ್ದಿಲ್ಲದೆ ಮುಗಿಸುತ್ತವೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ, ಮತ್ತೆ ಶೆಲ್ಲಿನ ಕಾಲಕ್ಕೆ ಹೋಗೋಣವೆಂದೂ ಹೇಳುತ್ತಿಲ್ಲ. ಕಡಿಮೆ ವೋಲ್ಟೇಜ್‌ನಲ್ಲಿ ತಾನಾಗಿ ಆರುವ, ಚೀಲದಲ್ಲಿ ಆಕಸ್ಮಿಕವಾಗಿ ಹೊತ್ತದಂತೆ ಬೀಗ ಹಾಕಿಕೊಳ್ಳುವ ಟಾರ್ಚ್‌ಗಳನ್ನು ಈಗಾಗಲೇ ಮಾಡುತ್ತಿರುವ ತಯಾರಕರಿಗೆ ನಾನು ಋಣಿ. ಅವರು ಮನಸ್ಸು ಮಾಡಿದ್ದಕ್ಕೆ ಆಗಿರುವುದನ್ನು ಉಳಿದವರು ನಿಯಮ ಬಂದದ್ದಕ್ಕಾದರೂ ಮಾಡಲಿ ಎಂಬುದಷ್ಟೇ ನನ್ನ ಆಸೆ.

ಆ ಸೆಲ್ಲನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದ್ದೇನೆ. ಖಾಲಿ ಕೊಳವೆ, ಒಳಮೈಯ ಕಲೆ, ಚಾರ್ಜಿಂಗ್ ಫಲಕ, ಹನ್ನೊಂದು ಟಾರ್ಚ್‌ಗಳ ಬಗ್ಗೆ ಬರೆದಿಟ್ಟ ಟಿಪ್ಪಣಿ ನನ್ನಲ್ಲಿವೆ; ಯಾವ ಸಮಿತಿ ಕೇಳಿದರೂ ಪರಿಶೀಲನೆಗೆ ಕೊಡಲು ಸಿದ್ಧನಿದ್ದೇನೆ. ತಮ್ಮಿಂದ ಬೇರೇನೂ ಬರದಿದ್ದರೂ ಹಿಂದೆ ಕೇಳಿ ಉತ್ತರ ಸಿಗದ ಆ ಒಂದು ಪ್ರಶ್ನೆಗೆ, ಹಳೆಯದು ಎಂದರೆ ಎಷ್ಟು ಹಳೆಯದು ಎಂಬುದಕ್ಕೆ, ವರ್ಷ ಮತ್ತು ವೋಲ್ಟ್‌ಗಳ ಲೆಕ್ಕದಲ್ಲಿ ಬರಹದ ಮೂಲಕ ಉತ್ತರ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟಾರ್ಚ್ ಬಳಕೆದಾರ